ಗಿಳಿಯ ಬಾಯಲ್ಲಿ ರಾಗಿ ತೆನೆ

ಅಲ್ಲ, ಕಾಫಿಗೆ ಮುಂಚೆಯೇ ಭಾವ ಮೊಬೈಲು ಹೊರಗೆ ತೆಗೆದದ್ದು ಇರಬೇಕು. ಕಾಫಿ ಕುಡಿಯುವಾಗ ಎಂದು ಹೋದ ವಾರ ನಾಲ್ಕು ಜನರ ಮುಂದೆ ನಾನೇ ಹೇಳಿದ್ದೆ. ಒಂದು ಕೈಯಲ್ಲಿ ಬಿಸಿ ಲೋಟ ಹಿಡಿದವರು ಇನ್ನೊಂದು ಕೈಯಲ್ಲಿ ಸೀರೆಯ ಫೋಟೊ ತೆಗೆಯಬಲ್ಲರೇ ಎಂದು ಆಮೇಲೆ ನಾನೇ ಲೋಟ ಹಿಡಿದು ಪ್ರಯತ್ನಿಸಿದೆ. ಆಗುತ್ತದೆ, ಆದರೆ ಫೋಟೊದಲ್ಲಿ ನಮ್ಮ ಕಾಲ್ಬೆರಳೇ ಹೆಚ್ಚು ಬರುತ್ತದೆ. ಹಾಗಾಗಿ ಕಾಫಿಗೆ ಮುಂಚೆ ಎಂದು ತಿದ್ದಿಕೊಂಡಿದ್ದೇನೆ. ಅನುಮಾನಕ್ಕೆ ತಕ್ಕಂತೆ ನೆನಪನ್ನು ಹೊಂದಿಸಿಕೊಳ್ಳುವುದರಲ್ಲಿ ನಾನು ಗಟ್ಟಿಗ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ನಾಲ್ಕು ಪವರ್‌ಲೂಮ್‌ಗಳ ಸಂಸಾರ. ಅಪ್ಪನ ಕಾಲದಲ್ಲಿ ಸೀರೆಯ ಡಿಸೈನ್ ಎಂದರೆ ತೂತು ಹೊಡೆದ ರಟ್ಟುಗಳ ಉದ್ದದ ಸರ, ಮಗ್ಗದ ತಲೆಯ ಮೇಲೆ ತೂಗುತ್ತಿತ್ತು. ಅದನ್ನು ಕದಿಯಲು ಕಳ್ಳ ಲಗೇಜ್ ಆಟೊ ತರಬೇಕಿತ್ತು. ಈಗ ಇಡೀ ಸೆರಗು ಹೆಬ್ಬೆರಳುದ್ದದ ಪೆನ್‌ಡ್ರೈವಿನಲ್ಲಿ ಮಲಗಿದೆ. ಅದನ್ನು ಕೆಲವು ದಿನ ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದೆ. ಆಮೇಲೆ ಯಾರೋ ಹೇಳಿದರು, ಪೆನ್‌ಡ್ರೈವೂ ಬೇಕಿಲ್ಲ, ಒಂದು ಫೋಟೊ ಸಿಕ್ಕಿದರೆ ಸಾಕು, ಕಂಪ್ಯೂಟರ್ ಮುಂದೆ ಕೂತವರು ಎಲ್ಲಿಂದಲಾದರೂ ಅದನ್ನೇ ಬಿಡಿಸುತ್ತಾರೆ ಎಂದು. ಅಂದೇ ಮಗ್ಗದ ಮನೆಯ ಬಾಗಿಲಲ್ಲಿ ಒಂದು ಸ್ಟೀಲ್ ಡಬ್ಬ ಇಟ್ಟೆ. ಒಳಗೆ ಬರುವವರು ಅದರಲ್ಲಿ ಮೊಬೈಲು ಹಾಕಿ ಬರಬೇಕು.

ಒಳಗಿದ್ದದ್ದು ನಾನೇ ಬಿಡಿಸಿದ ಹೊಸ ಡಿಸೈನ್. ಕತ್ತು ಓರೆ ಮಾಡಿ ರಾಗಿ ತೆನೆ ಕಚ್ಚಿದ ಗಿಳಿ. ಬೆಂಗಳೂರಿನ ವ್ಯಾಪಾರಿ ಅದನ್ನು ಒಪ್ಪಿದರೆ ವರಮಹಾಲಕ್ಷ್ಮಿ ಹಬ್ಬದಿಂದ ದೀಪಾವಳಿಯವರೆಗೆ ಮಗ್ಗಕ್ಕೆ ಬಿಡುವಿಲ್ಲ. ಒಪ್ಪದಿದ್ದರೆ ಎರಡು ಮಗ್ಗ ನಿಲ್ಲಿಸಬೇಕು. ಅಂಥ ಹೊತ್ತಿನಲ್ಲಿ ಬಂದರು ಭಾವ, ನನ್ನ ಹೆಂಡತಿ ಶಾರದೆಯ ಅಣ್ಣ. ಹೊಸಕೋಟೆಯಲ್ಲಿ ಅವರದು ಮೊಬೈಲ್ ಕವರ್ ಮಾರುವ ಅಂಗಡಿ. ಅನುಮಾನಕ್ಕೆ ಇನ್ನೇನು ಬೇಕು?

"ಇದೇನ್ರೀ, ಬಾಗ್ಲಲ್ಲಿ ಹುಂಡಿ ಮಡಗಿದೀರ?" ಎಂದರು. ವಿಷಯ ಹೇಳಿದೆ. "ನನ್ ಫೋನು ನನ್ ಜೇಬಲ್ಲೇ ಇರ್ಲಿ ಬಿಡಿ. ನಿಮ್ ಗಿಳೀನ ಅದೇನ್ ಕಚ್ಚಲ್ಲ," ಎಂದು ನಗುತ್ತಾ ಒಳಗೆ ನಡೆದೇಬಿಟ್ಟರು.

ಎರಡು ವಾರದ ಮೇಲೆ ವ್ಯಾಪಾರಿ ನನ್ನ ಸೀರೆ ಬಿಡಿಸಿ ನೋಡಿ, "ಚೆನ್ನಾಗಿದೆ ಸ್ವಾಮಿ. ಆದ್ರೆ ಇದು ಆಗ್ಲೇ ಬಂದ್ಬಿಟ್ಟಿದೆಯಲ್ಲ, ಅರ್ಧ ಬೆಲೆಗೆ," ಎಂದು ತಮ್ಮ ಫೋನು ತೋರಿಸಿದರು. ಅದೇ ಗಿಳಿ, ಅದೇ ಓರೆ ಕತ್ತು. ಬಾಯಲ್ಲಿ ಮಾತ್ರ ರಾಗಿ ತೆನೆಯ ಬದಲು ದ್ರಾಕ್ಷಿ ಗೊಂಚಲು. ಕದ್ದವರಿಗೆ ರಾಗಿ ಗೊತ್ತಿಲ್ಲ, ಅಷ್ಟೇ! ಮನೆಗೆ ಬಂದವನೇ ಭಾವನಿಗೆ ಫೋನು ಮಾಡಿ, "ಫೋಟೊ ಯಾರಿಗೆ ಕಳಿಸಿದ್ರಿ?" ಎಂದೆ. ಬಸ್ಸುಗಳ ಹಾರನ್ನಿನ ನಡುವೆ ಅವರು ದನಿ ಏರಿಸಿದರು. "ತಂಗಿ ಮನೆ ಅಂತ ಬಂದೆ ನೋಡಿ, ನಂದೇ ತಪ್ಪು. ಇನ್ನ್ ಬರಲ್ಲ," ಎಂದು ಇಟ್ಟುಬಿಟ್ಟರು.

ಶಾರದೆ ಸೀರೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. "ನಮ್ಮಣ್ಣಂಗೆ ಫೋಟೊ ತೆಗ್ಯಕ್ಕೆ ಎಲ್ಲಿ ಬರತ್ತೆ? ಮಗಳ ನಾಮಕರಣದಲ್ಲಿ ಅವನು ತೆಗೆದಿದ್ರಲ್ಲೆಲ್ಲ ಬರೀ ಫ್ಯಾನಿದೆ. ಅದಿರ್ಲಿ, ಈ ಗಿಳಿ ನಿಮಗೆಲ್ಲಿ ಸಿಕ್ತು?"

"ಇಲ್ಲೇ ನಮ್ಮ ತಾಲ್ಲೂಕಿನ ಮಧುರೆ ಹತ್ರ ಹೊಲದಲ್ಲಿ ನೋಡಿದ್ದು. ಹೋದ ಕಾರ್ತಿಕದಲ್ಲಿ."

"ಕಾರ್ತಿಕ ಪೂರ್ತಿ ಸೊಂಟ ಹಿಡ್ಕೊಂಡು ಮಲಗಿದ್ರಲ್ರೀ! ಬೆಳಗಿಂದ ಸಂಜೆ ತನಕ ಫೋನಲ್ಲಿ ಕಂಡೋರ ಸೀರೆ ನೋಡ್ಕೊಂಡು. ಯಾರದ್ದೋ ದ್ರಾಕ್ಷೀನ ನೀವೇ ರಾಗಿ ಮಾಡಿದ್ರೋ ಏನೋ."

ಸಿಟ್ಟು ಬರಬೇಕಿತ್ತು. ಕಣ್ಣು ಮುಚ್ಚಿ ಆ ಹೊಲವನ್ನು ನೆನೆಸಿಕೊಂಡೆ. ಗಿಳಿ ಬಂತು, ತೆನೆ ಬಂತು, ಕತ್ತಿನ ಓರೆಯೂ ಬಂತು. ಆದರೆ ಹಿಂದೆ ಹೊಲವಿರಲಿಲ್ಲ. ಫೋನಿನಲ್ಲಿ ಬರುವ ಸೀರೆ ಫೋಟೊಗಳ ಹಿಂದಿರುವಂಥ ಬಿಳಿ ಗೋಡೆಯಿತ್ತು.

ಆ ದ್ರಾಕ್ಷಿಯ ಸೀರೆ ಬಂದದ್ದು ಭಾವ ಬಂದು ಹೋಗುವ ಮುಂಚೆಯೋ ಆಮೇಲೋ ಎಂದು ವ್ಯಾಪಾರಿಯನ್ನು ಒಂದು ಮಾತು ಕೇಳಿದರೆ ಎಲ್ಲ ಇತ್ಯರ್ಥವಾಗುತ್ತದೆ. ಮೂರು ದಿನದಿಂದ ಅವರ ನಂಬರು ತೆಗೆದು ನೋಡುತ್ತೇನೆ, ಒತ್ತುವುದಿಲ್ಲ. ಎರಡು ಮಗ್ಗ ನಿಂತಿವೆ. ಭಾವನಲ್ಲಿ ಕ್ಷಮೆ ಕೇಳಬೇಕೋ, ಅವರೇ ನನ್ನಲ್ಲಿ ಕೇಳಬೇಕೋ ತಿಳಿಯದು. ಆ ಗಿಳಿ ನನ್ನದೋ ಅಲ್ಲವೋ, ನನಗೆ ಗೊತ್ತಿಲ್ಲ.