ದಿಲಾವರನ ಸ್ವತಂತ್ರ ಲ್ಯಾಪ್‌ಟಾಪು

ಗುಟ್ಟಿನ ಪ್ರೋಗ್ರಾಮು ಒಂದೂ ಈ ಮನೆಯಲ್ಲಿ ಉಳಿಯಕೂಡದು ಎಂದು ಸವಣೂರಿನ ಕುರುಕಲು ಖಾರಾದ ವ್ಯಾಪಾರಿ ದಿಲಾವರ ಪಣ ತೊಟ್ಟದ್ದು ಶುಕ್ರವಾರ, ನಮಾಜು ಮುಗಿಸಿ ಬಿರಿಯಾನಿ ಉಂಡ ಮೇಲೆ. ಹುಬ್ಬಳ್ಳಿಯ ಶಿಬಿರವೊಂದರಲ್ಲಿ ಅವನು ಸ್ವತಂತ್ರ ತಂತ್ರಾಂಶದ ದೀಕ್ಷೆ ಪಡೆದು ಬಂದಿದ್ದ. ಯಂತ್ರ ನಮ್ಮದಾದರೆ ಅದರೊಳಗಿನದನ್ನು ಓದುವ, ತಿದ್ದುವ ಹಕ್ಕೂ ನಮ್ಮದೇ ಎಂಬ ಮಾತು ನೇರ ತಲೆಗೇರಿತ್ತು. ಲ್ಯಾಪ್‌ಟಾಪಿನ ವೈಫೈ ನಡೆಸುವ ಫರ್ಮ್‌ವೇರು, ಅಂದರೆ ಕಂಪನಿಯವರ ಹೊರತು ಯಾರೂ ಓದಲಾಗದ ಫೈಲು, ಅಳಿಸಿಹೋಗಿ ಮೊದಲ ಬಲಿಯಾಯಿತು.

"ಗುಲಾಮಗಿರಿ ಹೋತು ನೋಡು," ಎಂದ ಹೆಂಡತಿಗೆ.

"ಇಂಟರ್‌ನೆಟ್ಟೂ ಹೋಗೇತ್ರಿ," ಎಂದಳು ಗುಲ್ನಾರ. "ನಾಕಕ್ಕ ನನ್ನ ಇಂಟರ್‌ವ್ಯೂ ಐತಿ."

ಶಿಗ್ಗಾಂವಿಯ ಶಾಲೆಯೊಂದರಲ್ಲಿ ಟೀಚರ್ ನೌಕರಿ. ಲ್ಯಾಪ್‌ಟಾಪಿನ ಮುಂದೆಯೇ ಕೂರಬೇಕು, ಫೋನು ನಡೆಯದು ಎಂದಿದ್ದರು. ಮದುವೆಯಾದಾಗಿನಿಂದ ಖಾರಾ ಪೊಟ್ಟಣ ಕಟ್ಟುತ್ತ ಅವಳು ಕಾದಿದ್ದ ಅವಕಾಶ ಅದು. ಸಿಟ್ಟು ನೆತ್ತಿಗೇರಿತ್ತು, ಜಗಳಾಡಲು ಪುರಸೊತ್ತಿರಲಿಲ್ಲ. ಪಕ್ಕದ ಮೊಬೈಲ್ ಅಂಗಡಿಯ ಅಯಾಜ್‌ನನ್ನು ಕರೆದಳು. ಅವನು ಅದೇ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದ.

ದಿಲಾವರ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡ. "ಒಳಗ ಏನೈತಿ ಅಂತ ತಿಳೀಲಾರದ ಸಾಮಾನು ನಮ್ಮ ಮನ್ಯಾಗ ಬ್ಯಾಡ."

"ಹಂಗಾರ ನಿಮ್ಮ ಖಾರಾದ ಮಸಾಲಿಯೊಳಗ ಏನೈತ್ರಿ?"

ದಿಲಾವರ ಅಯಾಜ್‌ನ ಮುಖ ನೋಡಿದ. ಅಯಾಜ್ ಗಡಿಯಾರ ನೋಡಿದ. ಅಜ್ಜನ ಕಾಲದಿಂದಲೂ ಆ ಮನೆಯ ಗಂಡಸರು ಕದ ಹಾಕಿಕೊಂಡೇ ಮಸಾಲೆ ಕಲಸುವವರು. ಸೊಸೆಯಂದಿರಿಗೆ ಹೇಳುವ ಪದ್ಧತಿ ಇರಲಿಲ್ಲ.

"ಅದು ಮನೆತನದ ಗುಟ್ಟು."

"ಇದು ಕಂಪನಿ ಮನೆತನದ್ದು. ಪೆನ್‌ಡ್ರೈವ್ ಹಾಕ್ರಿ."

ಹಾಕಿದ. ವೈಫೈ ಬಂತು, ಇಂಟರ್‌ವ್ಯೂ ನಡೆಯಿತು, ಸೋಮವಾರದಿಂದ ಬರ್ರಿ ಎಂದರು ಶಾಲೆಯವರು. ಗುಲ್ನಾರ ಎದ್ದವಳೇ ಮಸಾಲೆ ಕೋಣೆಯ ಮುಂದೆ ಸ್ಟೂಲು ಹಾಕಿ ಕುಂತಳು.

"ಬಾಗಲಾ ತಗೀರಿ. ಗುಟ್ಟಿನ ಸಾಮಾನು ಮನ್ಯಾಗ ಬ್ಯಾಡ ಅಂದವರು ನೀವ."

ಸಾಕ್ಷಿಗೆ ಅಯಾಜ್ ಇನ್ನೂ ಚಹಾ ಕುಡಿಯುತ್ತ ಕುಂತಿದ್ದ. ದಿಲಾವರ ತಪ್ಪಿಸಿಕೊಳ್ಳಲಾರದೆ ಕದ ತೆರೆದು, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದ. ಗುಲ್ನಾರ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿಕೊಂಡಳು.

"ಓದೂ ಹಕ್ಕು ಆತು. ಇನ್ನ ತಿದ್ದೂದು," ಎಂದು ಇಂಗು ಕಡಿಮೆ ಮಾಡಿ, ಬೆಳ್ಳುಳ್ಳಿ ಹೆಚ್ಚಿಸಿದಳು. ಅಜ್ಜನ ಆತ್ಮಕ್ಕೆ ದಿಲಾವರ ಮನಸ್ಸಿನಲ್ಲೇ ಕ್ಷಮೆ ಕೇಳಿದ.

ಮರುದಿನ ಹುಸೇನಸಾಬ ಅಂಗಡಿಗೆ ಬಂದ. ದಿಲಾವರನ ಅಪ್ಪನ ಕಾಲದ ಗಿರಾಕಿ. ಹೊಸ ಮಸಾಲೆಯ ಖಾರಾ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಧಾನ ಅಗಿದ.

"ದಿಲಾವರ," ಎಂದ, "ಅಂತೂ ಖಾರಾ ಮಾಡೂದು ಕಲತ್ಯಪಾ."