ಹೆಳವನ ಪುಸ್ತಕದ ಖಾಲಿ ಹಾಳೆ

ಕುರುಗೋಡಿನ ಓಬಳೇಶನಿಗೆ ಮೂವತ್ತೊಂದು ತುಂಬಿದರೂ ಮದುವೆಯಾಗಿರಲಿಲ್ಲ. ಆಳು ನೋಡಲು ಕೆಟ್ಟವನಲ್ಲ, ದುಡಿಮೆಗೂ ಹಿಂದಿಲ್ಲ. ಅಡ್ಡ ಬಂದದ್ದು ಎರಡು ಎತ್ತು. ಅವನ್ನು ಕದ್ದವನು ಅವನ ಅಜ್ಜ, ಅದೂ ಓಬಳೇಶ ಹುಟ್ಟುವುದಕ್ಕೆ ನಲವತ್ತು ವರ್ಷ ಮೊದಲು.

ಇಷ್ಟು ಹಳೆಯ ಕಳ್ಳತನ ಊರಿಗೆ ಇನ್ನೂ ನೆನಪಿದ್ದದ್ದು ಹೆಳವ ಎರ್ರಣ್ಣನ ದೆಸೆಯಿಂದ. ಹೆಳವರೆಂದರೆ ಮನೆಮನೆಯ ವಂಶದ ಕತೆ ಹಾಡುವವರು. ಮೂರು ವರ್ಷಕ್ಕೊಮ್ಮೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬರುತ್ತಾರೆ. ನಿಮ್ಮ ಮೂಲ ಇಂಥ ಊರು, ಕುಲದೊಳಗೆ ಇಂಥ ಬೆಡಗು, ಇಂಥವನಿಗೆ ಇಂಥವನು ಹುಟ್ಟಿದ ಎಂದು ರಾಗ ಮಾಡಿ ಹೇಳಿ, ಮೊರದ ತುಂಬ ಜೋಳ ಹಾಕಿಸಿಕೊಂಡು ಹೋಗುತ್ತಾರೆ. ನಮ್ಮ ಮುತ್ತಜ್ಜನ ಹೆಸರು ನಮಗೆ ಮರೆತಿರುತ್ತದೆ, ಅವರಿಗೆ ಮರೆಯುವುದಿಲ್ಲ.

ಬೇರೆಯವರ ಮನೆ ಮುಂದೆ ಎರ್ರಣ್ಣ ಹಾಡಿದರೆ ಜನ ಆಕಳಿಸುತ್ತಿದ್ದರು. ಓಬಳೇಶನ ಮನೆ ಮುಂದೆ ಮಾತ್ರ ಇಡೀ ಓಣಿ ಕೈಕೆಲಸ ಬಿಟ್ಟು ಬಂದು ನಿಲ್ಲುತ್ತಿತ್ತು. ಸಿರುಗುಪ್ಪದ ಸಂತೆಯಲ್ಲಿ ಅಜ್ಜ ಹಗ್ಗ ಬಿಚ್ಚಿ ಹೊಡೆದುಕೊಂಡು ಬಂದದ್ದು ಒಂದೇ ಎತ್ತಂತೆ. ಜೋಡಿಯ ಎತ್ತು ಅದನ್ನು ಬಿಟ್ಟಿರಲಾರದೆ ತಾನಾಗಿ ಹಿಂದೆ ಬಂತಂತೆ. ಆ ಎರಡನೆಯ ಎತ್ತು ಕುರುಗೋಡಿನ ತನಕ ಒಂಟಿಯಾಗಿ ನಡೆದು ಬರುವ ಜಾಗದಲ್ಲಿ ಎರ್ರಣ್ಣನ ದನಿ ಎಷ್ಟು ಕರುಣೆಯಿಂದ ಇಳಿಯುತ್ತಿತ್ತೆಂದರೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡಸರು ಮುಖ ತಿರುಗಿಸಿ ನಗುತ್ತಿದ್ದರು. ಅಲ್ಲಿಂದ ಮೂರು ವರ್ಷ ಓಬಳೇಶ ತಲೆ ತಗ್ಗಿಸಿ ಓಡಾಡಬೇಕು. ಎರಡು ಸಂಬಂಧಗಳು ಹೀಗೆಯೇ ಮುರಿದು ಬಿದ್ದಿದ್ದವು.

ಈಗ ಮೂರನೆಯದು ಬಂದಿತ್ತು. ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ ಅದು. ಓಬಳೇಶ ಬಳ್ಳಾರಿಯಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ತೂಕ ಹಾಕುವ ಕೆಲಸದಲ್ಲಿದ್ದ. ಒಂದು ದಿನ ತೆಕ್ಕಲಕೋಟೆಯಿಂದ ಬಂದ ಹತ್ತಿ ಬಂಡಿಯ ಮೇಲೆ ಒಬ್ಬ ಹುಡುಗಿ ಕೂತಿದ್ದಳು, ಪಾರಮ್ಮ ಅಂತ. "ಇಲ್ಲಿ ಕುಡಿಯಾಕ ನೀರು ಎಲ್ಲಿ ಸಿಗತಾವ್ರಿ?" ಎಂದು ಕೇಳಿದಳು. ಓಬಳೇಶ ತನ್ನ ಚೆಂಬನ್ನೇ ಕೊಟ್ಟ. ಅವಳು ಕುಡಿದು, ಚೆಂಬು ತೊಳೆದು, ಮತ್ತೆ ನೀರು ತುಂಬಿ ತಂದು ಅವನ ಪಕ್ಕದಲ್ಲಿಟ್ಟು ಹೋದಳು. ಅಷ್ಟೇ ಆದದ್ದು. ಆದರೆ ಆ ದಿನದಿಂದ ಓಬಳೇಶನಿಗೆ ಬೇರೆ ಯಾರನ್ನೂ ಮದುವೆಯಾಗುವ ಮನಸ್ಸಿರಲಿಲ್ಲ. ಇದನ್ನು ಹೇಗೋ ಮೂಸಿ ಹಿಡಿದ ಪಕ್ಕದ ಮನೆಯ ಪಕ್ಕೀರಮ್ಮ, ತೆಕ್ಕಲಕೋಟೆ ತನ್ನ ತವರೇ ಆದದ್ದರಿಂದ, ತಾನಾಗಿ ಹೋಗಿ ಮಾತು ಹಚ್ಚಿ ಬಂದಿದ್ದಳು. "ದೊಡ್ಡ ಮನಿತನ ಅಂತ ಹೇಳೀನಿ. ನೀ ಸುಮ್ಮನ ಕೂತ್ರ ಸಾಕು" ಎಂದಿದ್ದಳು. ಹುಡುಗಿಗೆ ತಂದೆ ಇಲ್ಲ. ಅವಳ ಅಜ್ಜ ಉಚ್ಚೆಂಗೆಪ್ಪ ನಾಲ್ಕು ಜನರನ್ನು ಕಟ್ಟಿಕೊಂಡು ಮನೆ ನೋಡಲು, ಬೆಡಗು ಕೇಳಲು ಸೋಮವಾರ ಬರುವುದೆಂದು ಗೊತ್ತಾಯಿತು.

ಆ ಸೋಮವಾರ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಎತ್ತಿನ ಗಂಟೆ ಕೇಳಿಸಿತು.

ಅಂಗಳಕ್ಕೆ ನೀರು ಹಾಕುತ್ತಿದ್ದ ತಾಯಿ ಹಂಪಮ್ಮನ ಕೈಯಿಂದ ಬಿಂದಿಗೆ ಜಾರಿತು. ಓಬಳೇಶ ಬರಿಗಾಲಲ್ಲಿ ಓಡಿ ತಿರುವಿನಲ್ಲೇ ಎರ್ರಣ್ಣನನ್ನು ತಡೆದ.

"ಎರ್ರಣ್ಣಜ್ಜ, ಇವತ್ತೊಂದಿನ ಬಿಟ್ಟು ನಾಳಿ ಬರ್ರಿ. ಎರಡು ಮೊರ ಜೋಳ ಹಾಕಸ್ತೀನಿ."

"ಮನಿ ಕಡೆ ಮುಖ ಮಾಡಿದ ಎತ್ತು ತಿರುಗಸಬಾರದು, ತಮ್ಮ. ಮನಿಗೆ ಒಳ್ಳೇದಲ್ಲ" ಎಂದ ಎರ್ರಣ್ಣ. ಎತ್ತಿಗೂ ಈ ಪದ್ಧತಿ ಗೊತ್ತಿದ್ದಂತಿತ್ತು, ಓಬಳೇಶನನ್ನು ಎದೆಯಿಂದ ನೂಕಿಕೊಂಡೇ ಬಂದು ಅವನ ಮನೆ ಮುಂದೆ ನಿಂತಿತು. ಅಷ್ಟು ಹೊತ್ತಿಗೆ ಪಕ್ಕೀರಮ್ಮ ಹೊರಗೆ ಬಂದಾಗಿತ್ತು. ಎದುರು ಮನೆಯ ಮಲ್ಲಯ್ಯ ಬೇವಿನ ಕಡ್ಡಿ ಅಗಿಯುತ್ತ ಕಟ್ಟೆ ಹಿಡಿದು ಕೂತಾಗಿತ್ತು.

"ಬೀಗರು ಬರೋ ದಿನಾನ ಹೆಳವ ಬಂದಾನ ಅಂದ್ರ ಶುಭಾನ ಐತಿ" ಎಂದ ಮಲ್ಲಯ್ಯ. "ಅವರ ಮುಂದನ ಹಾಡಲಿ ಬಿಡು."

ಪಕ್ಕೀರಮ್ಮ ಅವನ ಕಡೆ ಕಣ್ಣು ಬಿಟ್ಟು, ಓಬಳೇಶನ ಕಿವಿಯಲ್ಲಿ ಹೇಳಿದಳು: "ಲೇ ಓಬಳೇಶ, ಓಡಿಸೋದು ಬ್ಯಾಡ. ಆ ಎತ್ತಿನ ಸುದ್ದಿ ಬಿಟ್ಟು ಬ್ಯಾರೆ ಏನಾರ ಚಂದಂದು ಹಾಡು ಅಂತ ಕೇಳಕ್ಯಾ. ಬೀಗರಿಗೂ ನಂಬಿಕಿ ಬರತೈತಿ."

ಓಬಳೇಶ ಕೇಳಿಕೊಂಡ. ಎರ್ರಣ್ಣನ ಮುಖ ಗಂಭೀರವಾಯಿತು. ಅವನ ಮನೆತನದಲ್ಲಿ ಏಳು ತಲೆಮಾರಿನಿಂದ ಯಾರೂ ಒಂದು ಹೆಸರು ತಪ್ಪಿ ಹೇಳಿದವರಿಲ್ಲ. ಸತ್ತವರಿಗೆ ಇರುವುದು ಹೆಳವನ ನಾಲಿಗೆಯೊಂದೇ, ಅದೂ ಸುಳ್ಳಾಡಿದರೆ ಅವರು ಯಾರ ಹತ್ತಿರ ಹೋಗಬೇಕು ಎಂದ. ಮಾತು ನಿಜವೇ ಆಗಿತ್ತು. ಕಾಲಿಗೆ ಬೀಳೋಣವೆಂದರೆ ಹೆಳವರು ಎತ್ತಿನಿಂದ ಇಳಿಯುವುದಿಲ್ಲ; ಎತ್ತಿನ ಹೊಟ್ಟೆಯ ಪಕ್ಕ ಜೋತುಬಿದ್ದಿದ್ದ ಎರಡು ಪಾದಗಳನ್ನೇ ಹಿಡಿದುಕೊಂಡ. ಎತ್ತು ಬಾಲದಿಂದ ಅವನ ಕೆನ್ನೆಗೆ ಎರಡು ಸಲ ಬಾರಿಸಿತು. ಅವನು ಬಿಡಲಿಲ್ಲ. ಚೆಂಬಿನ ಸುದ್ದಿ ಹೇಳಿದ. ಅವಳು ನೀರು ತುಂಬಿ ತಂದಿಟ್ಟದ್ದನ್ನು ಎರಡು ಸಲ ಹೇಳಿದ.

 ಎರ್ರಣ್ಣ ಕೆಂಪು ಬಟ್ಟೆಯ ಗಂಟು ಬಿಚ್ಚಿ ಒಂದು ಹಳೆಯ ಕೈಬರಹದ ಪುಸ್ತಕ ತೆಗೆದ.

"ಇದು ನಮ್ಮ ದೊಡ್ಡಪ್ಪನ ಮಗಂದು. ಹೋದ ವರ್ಷ ತೀರಿಕೊಂಡ, ಮಕ್ಕಳಿಲ್ಲ. ಅವ ಹಾಡತಿದ್ದ ಮನಿಗಳೆಲ್ಲ ನನಗ ಬಂದಾವ, ಇನ್ನೂ ಯಾರ ಮುಖಾನೂ ನಾ ನೋಡಿಲ್ಲ. ಇದರಾಗ ರಾರಾವಿಯ ಒಂದು ದೊಡ್ಡ ಮನಿತನ ಐತಿ. ನಾಕು ಮಂದಿ ಅಣ್ಣತಮ್ಮರು. ಕಡೇದವ ಸಣ್ಣಮಲ್ಲಪ್ಪ ಇಪ್ಪತ್ತು ವರ್ಷದವ ಇದ್ದಾಗ ಮನಿ ಬಿಟ್ಟು ಹ್ವಾದ, ತಿರುಗಿ ಬರಲಿಲ್ಲ. ಮುಂದಿನ ಹಾಳಿ ಖಾಲಿ ಬಿಟ್ಟಾರ. ನಾ ಯಾರನ್ನೂ ಹುಟ್ಟಸಂಗಿಲ್ಲ, ಯಾರನ್ನೂ ಸಾಯಸಂಗಿಲ್ಲ. ಖಾಲಿ ಇದ್ದ ಜಾಗದಾಗ ನಿನ್ನ ಕುಂದರಸತೀನಿ, ಅಷ್ಟ. ಹುಡುಗಿ ಕಡೇರು ಯಾವೂರವರು?"

ಇಲ್ಲಿ ಓಬಳೇಶ ಕೆಟ್ಟ. ಊರು ಹೇಳಿದರೆ ಈ ಮುದುಕ ಮುಂದೆ ಯಾವತ್ತೋ ಅಲ್ಲಿಗೆ ಹೋದಾಗ ಎತ್ತಿನ ಕತೆ ಬಾಯಿಬಿಟ್ಟರೇನು ಗತಿ ಎಂದು ಹೆದರಿ, "ಬಳ್ಳಾರಿಯವರು, ಸತ್ಯನಾರಾಯಣಪೇಟಿ" ಅಂದುಬಿಟ್ಟ.

ಹೊತ್ತು ಏರಿದಾಗ ತೆಕ್ಕಲಕೋಟೆಯ ಬಂಡಿ ಬಂತು. ಉಚ್ಚೆಂಗೆಪ್ಪ ಎಪ್ಪತ್ತು ದಾಟಿದ, ಎತ್ತರದ, ಮಾತು ಕಡಿಮೆಯ ಮನುಷ್ಯ. ಕಾಲು ತೊಳೆದು ಕಂಬಳಿಯ ಮೇಲೆ ಕೂತು, ಎತ್ತಿನ ಮೇಲಿದ್ದ ಎರ್ರಣ್ಣನನ್ನು ನೋಡಿ ಕೈಮುಗಿದ. "ಹೆಳವರು ಇದ್ದಾರಂದ್ರ ನಾವು ಕೇಳೋದೇನು ಉಳೀತು. ಅವರ ಬಾಯಾಗ ಬರಲಿ" ಎಂದ.

ಎರ್ರಣ್ಣ ಕಣ್ಣು ಮುಚ್ಚಿ ದನಿ ಎತ್ತಿದ. ಓಣಿ ಎರಡನೆಯ ಎತ್ತಿಗಾಗಿ ಕಾದು ನಿಂತಿತ್ತು. ಎತ್ತು ಬರಲಿಲ್ಲ. ಹೊಳೆದಂಡೆಯ ರಾರಾವಿ ಬಂತು, ಅಗಸೆ ಬಾಗಿಲ ಪಕ್ಕದ ಹಿರಿಯ ಮನೆ ಬಂತು, ನಾಲ್ಕು ಮಂದಿ ಅಣ್ಣತಮ್ಮಂದಿರು ಒಂದೇ ಗಂಗಾಳದಲ್ಲಿ ಉಂಡದ್ದು ಬಂತು. ಮನೆಯ ಕಿರಿಯ ಸಣ್ಣಮಲ್ಲಪ್ಪ, ಅಣ್ಣ ಆಡಿದ ಒಂದು ಮಾತಿಗೆ ನೊಂದು, ಉಣ್ಣುತ್ತಿದ್ದ ಎಲೆ ಬಿಟ್ಟೆದ್ದು ಹೋದ. ಕುರುಗೋಡಿಗೆ ಬಂದು ನೆಲೆ ನಿಂತ. ಅವನ ಮಗನ ಮಗ ಈ ಓಬಳೇಶ. ಈ ಸುಳ್ಳಿಗೆ ಹಾಕಿದಷ್ಟು ಒಳ್ಳೆಯ ರಾಗವನ್ನು ಎರ್ರಣ್ಣ ಜೀವಮಾನದಲ್ಲಿ ಯಾವ ನಿಜಕ್ಕೂ ಹಾಕಿರಲಿಲ್ಲ. ಮಲ್ಲಯ್ಯನ ಬಾಯಿಂದ ಬೇವಿನ ಕಡ್ಡಿ ಕೆಳಗೆ ಬಿತ್ತು.

ಹಾಡು ನಿಂತಿತು. ಉಚ್ಚೆಂಗೆಪ್ಪ ಎದ್ದು ನಿಂತಿದ್ದ.

"ಅಣ್ಣ ಅಂದ್ರಲ್ಲ, ಆ ಮಾತಾಡಿದವ ನಮ್ಮಪ್ಪ" ಎಂದ ಅವನು. "ಹೊಳಿ ಬಂದು ಮನಿ ಹೋದ ಮ್ಯಾಲ ನಾವು ತೆಕ್ಕಲಕೋಟಿಗೆ ಬಂದ್ವಿ. ನಮ್ಮಪ್ಪ ಸಾಯೋ ಹೊತ್ತಿನ್ಯಾಗೂ ಬಾಗಲ ಕಡೆ ನೋಡಿ, ಸಣ್ಣವ ಬಂದನೇನು ಅಂತ ಕೇಳಿದ. ಪ್ರತಿ ಹಬ್ಬಕ್ಕೂ ನಮ್ಮನಿಯಾಗ ಒಂದು ಎಲಿ ಹೆಚ್ಚಿಗಿ ಹಾಕತೀವಿ. ಅರವತ್ತೆಪ್ಪತ್ತು ವರ್ಷದಿಂದ ಹಾಕತೀವಿ."

ಅವನು ಬಂದು ಓಬಳೇಶನನ್ನು ಅಪ್ಪಿಕೊಂಡು ಅತ್ತ. ಬಂದ ನಾಲ್ಕು ಜನರೂ ಅತ್ತರು. ಓಬಳೇಶನೂ ಅತ್ತ, ಯಾಕೆಂದರೆ ಅಷ್ಟರಲ್ಲಿ ಅವನಿಗೆ ಲೆಕ್ಕ ಹತ್ತಿತ್ತು. ಒಂದೇ ಬೆಡಗು, ಒಂದೇ ಮನೆ, ಒಂದೇ ರಕ್ತ. ಅಂಥಲ್ಲಿ ಹೆಣ್ಣು ತರುವುದಿರಲಿ, ಬಾಯಲ್ಲಿ ಆ ಮಾತು ಎತ್ತುವುದೂ ಪಾಪ. ಈ ಮುದುಕ ಅವನಿಗೆ ದೊಡ್ಡಪ್ಪನಾದ. ಮುದುಕನ ಮೊಮ್ಮಗಳಿಗೆ ಓಬಳೇಶ ಚಿಕ್ಕಪ್ಪನಾದ.

ಅವನು ತಿರುಗಿ ಎರ್ರಣ್ಣನನ್ನು ನೋಡಿದ. ಎರ್ರಣ್ಣ ಬಗ್ಗಿ ಮೆಲ್ಲಗೆ, "ಉಳಿದ ಮೂವರ ಮನಿ ತೆಕ್ಕಲಕೋಟಿಗೆ ಹ್ವಾದವು ಅಂತ ಪುಸ್ತಕದಾಗ ಬರದೈತಿ. ನೀ ಬಳ್ಳಾರಿಯವರು ಅಂದಿ" ಎಂದ.

ಓಬಳೇಶ ಇನ್ನು ಮಾನ ನೋಡಲಿಲ್ಲ. ಅಂಗಳದ ನಡುವೆ ನಿಂತು ಜೋರಾಗಿ ಹೇಳಿದ: "ಇದೆಲ್ಲ ಸುಳ್ಳು. ನಾನ ಹೇಳಿ ಹಾಡಿಸೀನಿ. ನಮ್ಮಜ್ಜ ರಾರಾವಿಯವ ಅಲ್ಲ, ಸಿರುಗುಪ್ಪಿ ಸಂತ್ಯಾಗ ಎತ್ತು ಕದ್ದು ಓಡಿ ಬಂದವ. ನಾ ಕಳ್ಳನ ಮೊಮ್ಮಗ ಅದೀನಿ. ನನಗ ಪಾರಮ್ಮನ್ನ ಕೊಡ್ರಿ."

ಉಚ್ಚೆಂಗೆಪ್ಪ ಗಾಬರಿಯಾಗಿ ಎರ್ರಣ್ಣನ ಕಡೆ ನೋಡಿದ. ಆ ಮುಖದಲ್ಲಿ ಈಗಷ್ಟೇ ಸಿಕ್ಕಿದ್ದು ಮತ್ತೆ ಕೈತಪ್ಪುವ ಭಯವಿತ್ತು. ಎರ್ರಣ್ಣ ಅದನ್ನು ನೋಡಿದ, ಪುಸ್ತಕ ಮುಚ್ಚಿದ, ಕೆಂಪು ಬಟ್ಟೆ ಸುತ್ತಿದ. "ಹಾಡಿದ್ದು ಹಾಡಿದೆ. ಹೆಳವ ಎರಡು ಮಾತು ಆಡಂಗಿಲ್ಲ" ಎಂದ.

"ಊರಿಗೆ ಊರ ಎತ್ತಿನ ಕತಿ ಕೇಳೈತಿ. ಮಲ್ಲಯ್ಯಣ್ಣ, ನೀನಾರ ಹೇಳು" ಎಂದು ಓಬಳೇಶ ಅಂಗಲಾಚಿದ.

ಮೂವತ್ತು ವರ್ಷ ಆ ಕತೆ ಕೇಳಿ ನಕ್ಕಿದ್ದ ಮಲ್ಲಯ್ಯ ಮುದುಕನ ಒದ್ದೆ ಗಡ್ಡ ನೋಡಿದ. ಹೆಗಲ ಮೇಲಿನ ವಸ್ತ್ರ ತೆಗೆದು ಕಣ್ಣಿಗೆ ಒತ್ತಿಕೊಂಡ. "ಯಾವ ಎತ್ತು? ನಾವ್ಯಾರೂ ಕೇಳಿಲ್ಲಪ್ಪ" ಎಂದ. ಓಣಿಯಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಒಂದು ಗುಟ್ಟನ್ನೂ ಹೊತ್ತು ಮುಳುಗುವ ತನಕ ಇಟ್ಟುಕೊಂಡು ಗೊತ್ತಿಲ್ಲದ ಜನ, ಅವತ್ತು ಒಬ್ಬ ಪರಸ್ಥಳದ ಮುದುಕನಿಗಾಗಿ ಒಟ್ಟಾಗಿ ಬಾಯಿ ಕಟ್ಟಿಕೊಂಡು ನಿಂತರು. ಓಬಳೇಶ ಕಡೆಗೆ ತಾಯಿಯ ಮುಖ ನೋಡಿದ. ಕಳ್ಳನ ಮನೆಯ ಸೊಸೆಯೆಂದು ಮೂವತ್ತೈದು ವರ್ಷ ಅನ್ನಿಸಿಕೊಂಡಿದ್ದ ಹಂಪಮ್ಮ, ತಲೆಯ ಮೇಲೆ ಸೆರಗು ಎಳೆದುಕೊಂಡು, ಹಿರಿಯ ಭಾವನಿಗೆ ಬಡಿಸಲು ಒಳಗೆ ಎಲೆ ತೊಳೆಯಲು ಹೋದಳು.

"ಹೆಣ್ಣಿನ ಮ್ಯಾಲೆ ಮನಸಿಟ್ಟು ಬಂದ ಹುಡುಗ, ಸಂಕಟಕ್ಕ ಏನೋ ಆಡತಾನ" ಎಂದ ಉಚ್ಚೆಂಗೆಪ್ಪ, ಅವನ ಬೆನ್ನು ಸವರುತ್ತ. "ಇದು ಯಾರ ಕೈಯಾಗೂ ಇಲ್ಲ ಮಗನ. ಮರತುಬಿಡು."

ಪಾರಮ್ಮನಿಗೆ ಈಗೇನು ಮಾಡುವುದೆಂಬ ಮಾತು ಊಟದ ಹೊತ್ತಿಗೆ ಬಂತು. ಬಂಡಿ ಕಟ್ಟಿಕೊಂಡು ಬಂದವರನ್ನು ಬರಿಗೈಲಿ ಕಳಿಸಲು ಪಕ್ಕೀರಮ್ಮನಿಗೆ ಮನಸ್ಸಾಗಲಿಲ್ಲ. ತನ್ನ ಮಗ ಚಿನ್ನಪ್ಪನನ್ನು ತೊಳೆದ ಅಂಗಿ ಹಾಕಿಸಿ ಕರೆತಂದು ನಿಲ್ಲಿಸಿದಳು. ಚಿನ್ನಪ್ಪ ಇಪ್ಪತ್ತನಾಲ್ಕರ ದುಡಿಮೆಗಾರ, ಚಟವಿಲ್ಲ, ಎದುರು ಮಾತಿಲ್ಲ. ಬೆಡಗೂ ಬೇರೆ. ಉಚ್ಚೆಂಗೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, ಕೈಯಲ್ಲಿದ್ದ ತುತ್ತು ಎಲೆಗೆ ಇಳಿಸಿದ.

"ಹುಡುಗಿಗೆ ಅಪ್ಪ ಇಲ್ಲ, ಓಬಳೇಶ. ಇನ್ನು ಮುಂದ ಚಿಗಪ್ಪ ನೀನ ಅಪ್ಪನ ಜಾಗದಾಗ ನಿಂತು ಧಾರಿ ಎರೀಬೇಕು. ಪಕ್ಕದ ಮನಿ ಹುಡುಗ, ಹುಟ್ಟಿದಾಗಿಂದ ನೋಡೀದಿ. ನೀ ಹೆಂಗ ಹೇಳತೀ ಹಂಗ."

ಎಲ್ಲರೂ ಓಬಳೇಶನ ಕಡೆ ನೋಡಿದರು. ಚಿನ್ನಪ್ಪನನ್ನು ಕುಡುಕ ಅನ್ನಬಹುದಿತ್ತು, ಮೈಗಳ್ಳ ಅನ್ನಬಹುದಿತ್ತು. ಬೆಳಗಿನಿಂದ ಆಡಿದ ಸುಳ್ಳು ಒಂದೊಂದಾಗಿ ಅವನ ಕಣ್ಣ ಮುಂದೆ ಬಂತು.

"ಹುಡುಗ ಒಳ್ಳೇವ ಅದಾನ್ರಿ" ಎಂದ ಓಬಳೇಶ.

"ರೀ ಅನಬ್ಯಾಡಪ್ಪ. ದೊಡ್ಡಪ್ಪ ಅನ್ನು."

"ಒಳ್ಳೇವ ಅದಾನ, ದೊಡ್ಡಪ್ಪ" ಎಂದ. ಅವತ್ತು ಅವನು ಆಡಿದ ನಿಜಗಳಲ್ಲಿ ಜನ ನಂಬಿದ್ದು ಅದೊಂದನ್ನೇ.