‘ಬರೋಬರ್’ ಎಂಬ ತಮ್ಮ ವೈದ್ಯಕೀಯ ಪರೀಕ್ಷೆಯ ಕುರಿತು

ಹುಡುಗಿಯರ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿಗಳೂ, ತರಬೇತುದಾರರೂ, ಬೇರೆ ಯಾರೂ ಸಿಗದ ದಿನ ವೈದ್ಯರೂ ಆದ ದತ್ತುಭಾವು ಅವರ ಸನ್ನಿಧಿಗೆ ವಾಡಿಯ ಲಾರಿ ಬುಕಿಂಗ್ ಆಫೀಸಿನಿಂದ ಕೃಷ್ಣಪ್ರಸಾದನ ನಮಸ್ಕಾರಗಳು. ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾಗುವ ಈ ಪತ್ರವನ್ನು ಕನ್ನಡ ಬಾರದ ತಾವು ಓದಲಾರಿರಿ ಎಂಬ ಧೈರ್ಯವೇ ನನ್ನ ವಿನಯಕ್ಕೆ ಮೂಲ.

ಮಾನ್ಯರೇ, ಮೊದಲು ಖರ್ಚಿನ ಬಾಬತ್ತು. ನನ್ನ ಮಗಳು ಗ್ರೀಷ್ಮಾಳ ನೆಮ್ಮದಿಯ ತಲೆ, ನನ್ನ ಹೆಂಡತಿ ಇಂದುಮತಿಯ ನಿದ್ದೆ, ತಮ್ಮ ಕೈಗೆ ಬರಬೇಕಿದ್ದ ಗೆಲುವಿನ ಕಪ್ಪು, ಮತ್ತು ನಾನು ತಿನ್ನಬಾರದಿದ್ದ ಒಂದು ಡಬ್ಬಿ ಕಿತ್ತಳೆಯ ಸಂತ್ರಾ ಬರ್ಫಿ.

ಹಿಂಗಣಾ ಮೈದಾನದಲ್ಲಿ ಚೆಂಡಿಗೆಂದು ಹಾರಿದ ಗ್ರೀಷ್ಮಾಳ ತಲೆ ಎದುರಾಳಿ ಹುಡುಗಿಯ ತಲೆಗೆ ಬಡಿದು ನಮ್ಮವಳು ನೆಲಕ್ಕುರುಳಿದಾಗ, ತಾವು ಓಡಿಬಂದು, ನೋವಿನ ಸ್ಪ್ರೇಯನ್ನು ಕೈಗೆ ಹತ್ತಿರವಿದ್ದ ಮೊಣಕಾಲಿಗೆ ಹೊಡೆದು, “ಬರೋಬರ್ ಹೈ ನಾ, ಬೇಟಾ?”, ಎಲ್ಲಾ ಸರಿಯಿದೆ ತಾನೇ, ಎಂದು ವಿಚಾರಿಸಿದಿರಿ. ಅವಳು “ಬರೋಬರ್” ಎಂದಳು. ಪರೀಕ್ಷೆ ಮುಗಿಯಿತು, ಆಟ ಮುಂದುವರಿಯಿತು. ಮೆದುಳಿನ ತಪಾಸಣೆ ಇಷ್ಟು ಜಲ್ದಿ ಯಾವ ದೊಡ್ಡ ಆಸ್ಪತ್ರೆಯಲ್ಲೂ ಆಗದು. ಆದರೆ ಸ್ವಾಮಿ, ಈ ಮರಾಠಿ ಊರಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳಿಗೆ ಊಟವೂ ಬರೋಬರ್, ಕಾಲೇಜೂ ಬರೋಬರ್, ಅಪ್ಪ ಬೈದದ್ದೂ ಬರೋಬರ್. ‘ನಿನ್ನ ಹೆಸರು ದತ್ತುವೇ?’ ಎಂದು ಕೇಳಿದ್ದರೂ ತಮಗೆ ಅದೇ ಉತ್ತರ ಸಿಗುತ್ತಿತ್ತು. ಆಟ ಮುಗಿದ ಮೇಲೆ ಅವಳು ಬರೋಬರ್ ಆಗಿಯೇ ಎದುರಾಳಿಗಳ ಬಸ್ಸು ಹತ್ತಿ, ಅವರ ಪೋಹಾ ತಿಂದು, ಅವರ ಗೆಲುವಿಗೆ ಚಪ್ಪಾಳೆಯನ್ನೂ ತಟ್ಟಿದಳಂತೆ. ಗಾಬರಿಯಾದ ಅವರೇ ನನಗೆ ಫೋನ್ ಮಾಡಿದರು. ಕ್ರೀಡಾ ಸೌಹಾರ್ದವನ್ನು ಅಲ್ಲಿಯವರೆಗೆ ಒಯ್ದ ಕೀರ್ತಿ ತಮ್ಮದೇ.

ಏಟಿಗೆ ಮೆದುಳು ಅಲುಗಿದೆ, ಸ್ಕ್ಯಾನಿನಲ್ಲಿ ಕಾಣದಿದ್ದರೂ ಅದು ನಿಜ ಎಂದ ಡಾಕ್ಟರು ನಮ್ಮನ್ನು ಲಕ್ಷ್ಮೀ ನಗರದ ಫಿಸಿಯೋ ಸಿಂಚನಾ ಅವರಲ್ಲಿಗೆ ಕಳಿಸಿದರು. ಧಾರವಾಡದ ಆ ಹೆಣ್ಣುಮಗಳು ಮೊದಲ ಔಷಧಿಯಾಗಿ ಮಾತೊಂದನ್ನೇ ನಿಷೇಧಿಸಿದರು: “ಬರೋಬರ್ ಅನ್ನಂಗಿಲ್ಲ ನೋಡವಾ. ತಲಿ ಎಷ್ಟ ನೋಯ್ತೈತಿ, ಸೊನ್ನಿಯಿಂದ ಹತ್ತರೊಳಗ ಹೇಳು.” ಮೊದಲು ನಡಿಗೆ, ಆಮೇಲೆ ನಿಂತಲ್ಲೇ ತುಳಿಯುವ ಸೈಕಲ್ಲು, ಹೆಬ್ಬೆರಳ ಮೇಲೆ ಕಣ್ಣು ನೆಟ್ಟು ತಲೆಯಾಡಿಸುವುದು, ಕತ್ತಿಗೆ ಕಸರತ್ತು, ನೋವು ಏರಿದರೆ ಒಂದು ಹೆಜ್ಜೆ ಹಿಂದಕ್ಕೆ. ಹುಡುಗಿಯರಲ್ಲಿ ಚೇತರಿಕೆ ಕೆಲವೊಮ್ಮೆ ನಿಧಾನ, ಅವಸರದಲ್ಲಿ ಇನ್ನೊಂದು ಏಟು ಬಿದ್ದರೆ ಆಟದ ಜೊತೆ ಓದೂ ಹೋದೀತು ಎಂದೂ ಎಚ್ಚರಿಸಿದರು.

ಅಷ್ಟರಲ್ಲಿ ಫೈನಲ್ ಬಂತು. ಬರ್ಫಿ ಹಿಡಿದು ತಾವೂ ನಮ್ಮ ಮನೆಗೆ ಬಂದಿರಿ. “ದೋ ಮಿನಿಟ್ ಖೇಲೇಗಿ, ಕಾಕಾ”, ಎರಡೇ ನಿಮಿಷ ಆಡುತ್ತಾಳೆ, ಎಂದಿರಿ. ನನ್ನ ಬಾಯಲ್ಲಿ ತಮ್ಮ ಬರ್ಫಿ ಇತ್ತು. ಗ್ರೀಷ್ಮಾ ಆಗಲೇ ಬೂಟು ಕಟ್ಟಿಕೊಂಡಿದ್ದಳು. ತಾವು ಹಳೆಯ ಪರೀಕ್ಷೆಯನ್ನೇ ಇಟ್ಟಿರಿ: “ಬರೋಬರ್?” ಅವಳು ಲೇಸು ಬಿಚ್ಚುತ್ತ, “ನಾಹೀ, ದತ್ತುಭಾವು. ತೀನ್” ಎಂದಳು, ಸಿಂಚನಾ ಅವರ ಲೆಕ್ಕದಲ್ಲಿ ನೋವು ಮೂರು.

ತಾವು ಮೂರು ಗೋಲಿನ ಭರವಸೆ ಎಂದು ತಿಳಿದು ಕುಣಿದದ್ದು ಬೇರೆ ಮಾತು.

ಆದ್ದರಿಂದ ಮಾನ್ಯರೇ, ಮುಂದಿನ ಸಲ ಚೆಂಡಿಗೆ ಹತ್ತಿ ತುಂಬಿಸಬೇಕು, ಎದುರಾಳಿಗಳು ಡಿಕ್ಕಿಗೆ ಮುಂಚೆ ಅರ್ಜಿ ಹಾಕಬೇಕು, ಸ್ಪ್ರೇಗೆ ತಲೆ ಎಲ್ಲಿದೆಯೆಂದು ತಿಳಿಸಬೇಕು. ಇವು ಆಗದಿದ್ದರೆ ಒಂದೇ ಒಂದು ಸಾಕು: ತಲೆಗೆ ಏಟು ಬಿದ್ದವಳನ್ನು ಏನೂ ಕೇಳದೆ ಹೊರಗೆ ಕೂರಿಸಿ.

ಬರ್ಫಿಯ ಋಣದಲ್ಲಿರುವ,
ತಮ್ಮ ವಿಶ್ವಾಸಿ,
ಕೃಷ್ಣಪ್ರಸಾದ

ತಾ.ಕ.: ಡಾಕ್ಟರು ಒಪ್ಪಿದ್ದಾರೆ, ಭಾನುವಾರದಿಂದ ಗ್ರೀಷ್ಮಾ ಮತ್ತೆ ಮೈದಾನಕ್ಕೆ. ಲಾಭದ ಲೆಕ್ಕ ಹೀಗಿದೆ: ಎದುರಾಳಿಗಳಿಗೆ ಕಪ್ಪು, ನನಗೆ ಬರ್ಫಿ, ಇಂದುಮತಿಗೆ ನಿದ್ದೆ, ಮಗಳಿಗೆ ‘ಇಲ್ಲ’ ಅನ್ನುವ ಮಾತು, ತಮಗೆ ಖಾಲಿ ಡಬ್ಬಿ.